ನಡುಗುವ ಕೈಯ ತಾಳ

"ಇವು ನಿಮ್ಮ ಹಲ್ಲೇನಮ್ಮಾ?"

ಪೇಪರ್ ನ್ಯಾಪ್ಕಿನ್ನಲ್ಲಿ ಸುತ್ತಿ ತಂದಿದ್ದ ಹಲ್ಲಿನ ಸೆಟ್ಟನ್ನು ಡೆಂಟಲ್ ಲ್ಯಾಬಿನಲ್ಲಿದ್ದ ಅವಳ ಮೇಜಿನ ಮೇಲೆ ಟಪ್ಪೆಂದಿಟ್ಟು ಆತ ಕೇಳಿದ.

ಅವಳು ಕನ್ನಡಕ ಸರಿಮಾಡಿಕೊಂಡು ಒಮ್ಮೆ ಸೆಟ್ಟನ್ನೂ ಒಮ್ಮೆ ಆತನ ಮುಖವನ್ನೂ ನೋಡಿದಳು.

"ನನ್ನ ಹಲ್ಲು ನನ್ನ ಬಾಯಲ್ಲೇ ಇವೆ. ಇವು ನಿಮ್ಮವು!"

ಪಕ್ಕದ ಬೆಂಚಿನಲ್ಲಿ ಅಚ್ಚು ಹಾಕುತ್ತಿದ್ದ ಹುಡುಗಿಯರು ಕಿಸಕ್ಕೆಂದು ನಕ್ಕರು. ಆತ ಥಟ್ಟನೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ. ಆ ಒಂದು ಚಲನೆಗೆ ಅವಳ ಎದೆ ಚುರುಕ್ಕೆಂದಿತು.

'ಛೇ... ವಯಸ್ಸಾದ ಮನುಷ್ಯ. ನಾಲ್ಕು ಜನರೆದುರು ಹೀಗನ್ನಬಾರದಿತ್ತು.'

"ಕೂತ್ಕೊಳ್ಳಿ" ಎಂದಳು ಮೆತ್ತಗೆ. "ಊಟ ಮಾಡೋಕೆ ತೊಂದರೆಯಾ?"

"ಊಟಕ್ಕೆ ಸರಿ ಇವೆ. ಮಾತಿಗೂ ಸರಿ. ಊದೋಕೆ ಹೋದ್ರೆ ಮಾತ್ರ ಕಳಚಿ ಬೀಳ್ತವೆ! ಕೆಳಗಿನ ಡಾಕ್ಟ್ರನ್ನ ಕೇಳಿದ್ರೆ, ಮೇಲೆ ಹೋಗಿ ಮಾಡಿದವರನ್ನೇ ಕೇಳಿ ಅಂದ್ರು."

"ಏನು ಊದ್ತೀರಿ?"

"ಕ್ಲಾರಿನೆಟ್ಟು. ಅರವತ್ತಾರಕ್ಕೆ ಕಲಿಯೋಕೆ ಶುರು ಮಾಡಿದೀನಿ. ನಗಬೇಡಿ."

"ನಾನು ನಗಲಿಲ್ವಲ್ಲ..."

"ಎಲ್ಲರೂ ನಗ್ತಾರೆ. ಅದಕ್ಕೆ ಮೊದಲೇ ಹೇಳಿಬಿಡ್ತೀನಿ."

ಅವಳು ಸೆಟ್ಟನ್ನು ಎಡಗೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬಲಗೈ ಏಪ್ರನ್ನಿನ ಜೇಬಿನಲ್ಲೇ ಇತ್ತು. ಈಚೆಗೆ ಅದು ಅಲ್ಲಿಯೇ ಇರುತ್ತಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಮುಂದಿನ ಹಲ್ಲಿಗೆ ಒತ್ತಿದ್ರೆ ಹಿಂದಿನ ಭಾಗ ಏಳುತ್ತೆ. ಅದೇ ತೊಂದರೆ. ನೀವು ಊದುವಾಗ ನಾನು ನೋಡಬೇಕು."

"ಇಲ್ಲೇ ಊದ್ಲಾ?"

"ಅಯ್ಯೋ, ಬೇಡ!"

ಆತ ಕರವಸ್ತ್ರದ ಹಿಂದೆ ನಕ್ಕದ್ದು ಕಣ್ಣಿನಲ್ಲಿ ಗೊತ್ತಾಯಿತು. "ಹಾಗಾದ್ರೆ ಗುರುವಾರ ಸಂಜೆ ಬನ್ನಿ. ಲೈಬ್ರರಿ ಮೇಲಿನ ಹಾಲ್. ಮೆಟ್ಟಿಲು ಹತ್ತುವಾಗಲೇ ಅಪಸ್ವರ ಕೇಳುತ್ತೆ, ದಾರಿ ತಪ್ಪೋ ಚಾನ್ಸೇ ಇಲ್ಲ."

ಅಪಸ್ವರ ನಿಜಕ್ಕೂ ಮೆಟ್ಟಿಲಿನಲ್ಲೇ ಕೇಳಿಸಿತು!

ಹಾಲಿನಲ್ಲಿ ಹತ್ತು ಹದಿನೈದು ಜನ. ಎಲ್ಲರ ತಲೆಯೂ ನೆರೆತದ್ದೇ. ಒಬ್ಬಾಕೆ ಟ್ರಂಪೆಟ್ ಹಿಡಿದು ಕೆನ್ನೆ ಉಬ್ಬಿಸಿದ್ದಳು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಕೊಳಲಿನ ತೂತು ಹುಡುಕುತ್ತಿದ್ದರು. ಮುಂದೆ ನಿಂತ ಬ್ಯಾಂಡ್ ಟೀಚರ್, ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತರಾದವರು, ಈಗ ಈ ಮುದಿ ಮಕ್ಕಳನ್ನು ಗದರುತ್ತಿದ್ದರು.

"ಮೇಷ್ಟ್ರೇ, ನಿಮ್ಮ ಹಲ್ಲಿನ ಡಾಕ್ಟ್ರು ಬಂದ್ರು ನೋಡಿ!" ಎಂದು ಯಾರೋ ಕ್ಲಾರಿನೆಟ್ಟು ಹಿಡಿದಿದ್ದ ಆತನನ್ನು ಕೂಗಿದರು.

"ನಾನು ಡಾಕ್ಟರಲ್ಲ, ಹಲ್ಲಿನ ಸೆಟ್ಟು ಮಾಡೋಳು" ಎಂದಳು ಅವಳು. ಆತನನ್ನು ಎಲ್ಲರೂ ಮೇಷ್ಟ್ರೇ ಎನ್ನುವುದು ಯಾಕೆಂದು ಆಗ ತಿಳಿಯಿತು. ಆತ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದವನು. ಅರ್ಧ ಊರಿಗೆ ಕ್ಲಚ್ಚು, ಬ್ರೇಕು ಹೇಳಿಕೊಟ್ಟವನು.

ಆತ ಊದಿದ. ಅವಳು ಹತ್ತಿರ ಬಗ್ಗಿ, ತುಟಿ ಎಲ್ಲಿ ಒತ್ತುತ್ತದೆ, ಸೆಟ್ಟು ಎಲ್ಲಿ ಏಳುತ್ತದೆ ಎಂದು ನೋಡಿದಳು. ಅಷ್ಟು ಹತ್ತಿರದಿಂದ ಒಬ್ಬ ಗಂಡಸಿನ ಮುಖ ನೋಡಿ ಎಷ್ಟೋ ಕಾಲವಾಗಿತ್ತು...

"ಆಯ್ತು, ಗೊತ್ತಾಯ್ತು. ಬರ್ತೀನಿ" ಎಂದು ಹೊರಟವಳನ್ನು ಟೀಚರ್ ತಡೆದರು.

"ಡ್ರಮ್ಮಿನವರು ಮಗನ ಊರಿಗೆ ಹೋಗಿಬಿಟ್ರು. ಸ್ವಲ್ಪ ಕೂತ್ಕೊಂಡು ತಾಳ ಹಾಕಿ."

"ನಂಗೆ ಬರಲ್ಲ!"

"ಬರೋರು ಯಾರೂ ಇಲ್ಲಿಲ್ಲ. ಕೂತ್ಕೊಳ್ಳಿ."

ಎಲ್ಲರೂ ನಕ್ಕರು. ಕೈಗೆ ಕೋಲು ಬಂತು. ಬಲಗೈಯನ್ನು ಸೆರಗಿನ ಮರೆಯಿಂದ ತೆಗೆಯಲೇಬೇಕಾಯಿತು. ಅದು ಎಲ್ಲರೆದುರೇ ನಡುಗಿತು. ಯಾರಾದರೂ ನೋಡಿದರೇ? ಅವಳಿಗೆ ಬೆವರು ಬಂತು. ನೋಡಲಿ, ನೋಡದಿರಲಿ, ಒಮ್ಮೆ ಬಾರಿಸಿ ಓಡಿಹೋಗೋಣವೆಂದು ಕೋಲು ಎತ್ತಿದಳು.

ಡಮ್... ಡಮ್... ಡಮ್... ಡಮ್...

ಕೈ ನಡುಗಲಿಲ್ಲ!

ಅವಳು ಮತ್ತೆ ಬಾರಿಸಿದಳು. ಇಲ್ಲ, ನಡುಗಲಿಲ್ಲ. ತಾಳದ ಮೇಲೆ ಹೋಗುತ್ತಿದ್ದಷ್ಟು ಹೊತ್ತು ಆ ಕೈ ಅವಳ ಮಾತು ಕೇಳಿತು.

ಪ್ರಾಕ್ಟೀಸು ಮುಗಿದದ್ದೇ ಅವಳು ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತಳು.

ಪಾರ್ಕಿನ್ಸನ್ ಎಂದು ನರರೋಗದ ಡಾಕ್ಟರು ಹೇಳಿದ್ದು ಹಿಂದಿನ ವರ್ಷ. ಆ ಹೆಸರನ್ನು ಅವಳು ಮಗಳಿಗೂ ಹೇಳಿರಲಿಲ್ಲ. ಮೇಣದ ಮೇಲೆ ಒಂದೊಂದೇ ಹಲ್ಲು ಕೂಡಿಸುವುದು ಅವಳ ಕೆಲಸ. ಕೂದಲೆಳೆ ಹೆಚ್ಚು ಕಡಿಮೆಯಾದರೂ ಇನ್ನೊಬ್ಬರ ಬಾಯಿ ಹುಣ್ಣಾಗುತ್ತದೆ. ಅಂಥ ಕೆಲಸದವಳ ಕೈಗೇ ಬಂದಿತ್ತು ಈ ರೋಗ.

ಅಂದಿನಿಂದ ಗುರುವಾರಗಳು ಬೇರೆಯಾದವು.

ಎರಡು ಸಲ ಕೆತ್ತಿ, ಮೂರನೇ ಸಲ ಹೊಸದಾಗಿಯೇ ಮಾಡಿದ ಮೇಲೆ ಆತನ ಸೆಟ್ಟು ಗಟ್ಟಿಯಾಗಿ ಕೂತಿತು. ಅವಳಿಗೆ ಹಾಲಿಗೆ ಬರಲು ಇನ್ನು ಕಾರಣವಿರಲಿಲ್ಲ. ಆದರೂ ಬಂದಳು. ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ!

ರಾತ್ರಿ ನಿದ್ದೆ ಹತ್ತತೊಡಗಿತು. ಊಟ ರುಚಿಸತೊಡಗಿತು. ಲ್ಯಾಬಿನಲ್ಲಿ ಮೇಣ ಕರಗಿಸುತ್ತ ಅವಳು ಗುನುಗುವುದನ್ನು ಕೇಳಿ ಹುಡುಗಿಯರು ಕಣ್ಣು ಮಿಟುಕಿಸಿಕೊಂಡರು. ಟ್ರಂಪೆಟ್ಟಿನಾಕೆಗೆ ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ಕಡಿಮೆಯಾಯಿತಂತೆ. ಸೊಸೆಯ ಜೊತೆ ಮಾತು ಬಿಟ್ಟಿದ್ದ ಪೋಸ್ಟ್‌ಮ್ಯಾನ್ ಈಗ ಅವಳನ್ನೇ ಕೂರಿಸಿಕೊಂಡು ಕೊಳಲು ಕೇಳಿಸುತ್ತಾರಂತೆ. "ಪಾಪ, ಆ ಹುಡುಗಿಗೆ ಮಾತು ಬಿಟ್ಟಿದ್ದೇ ವಾಸಿಯಿತ್ತು" ಎಂದು ಟೀಚರ್ ಹೇಳಿದಾಗ ಹಾಲಿಗೆ ಹಾಲೇ ನಕ್ಕಿತು.

ಮನೆಗೆ ಹೋಗುವಾಗ ಇಬ್ಬರದೂ ಒಂದೇ ದಾರಿ. ಆತ ಮಾತುಗಾರ.

"ಒಬ್ಬಾಕೆ ನನ್ನ ಹತ್ರ ಕಾರು ಕಲಿಯೋಕೆ ಬಂದಿದ್ಲು. ಬ್ರೇಕ್ ಹಾಕಮ್ಮಾ ಅಂದ್ರೆ ಕಣ್ಣು ಮುಚ್ಚಿಕೊಳ್ತಿದ್ಲು! ಆಮೇಲೆ ಅವಳನ್ನೇ ಮದುವೆಯಾದೆ. ಬೇರೆಯವರ ಪ್ರಾಣ ಉಳೀಲಿ ಅಂತ."

ಅವಳು ನಕ್ಕಳು. ಆತ ನಗಲಿಲ್ಲ.

"ಹೋದ ವರ್ಷಕ್ಕೆ ಹಿಂದಿನ ವರ್ಷ ಹೋಗಿಬಿಟ್ಲು. ಬೆಳಗ್ಗೆ ಟೀ ಕೊಟ್ಟು ಕಳಿಸಿದೋಳು, ಮಧ್ಯಾಹ್ನ ಬಂದ್ರೆ ಬಾಗಿಲು ತೆಗೀಲಿಲ್ಲ. ಆಮೇಲೆ ಮನೇಲಿ ಸದ್ದೇ ಇಲ್ಲ... ಟಿ.ವಿ. ಹಾಕಿದ್ರೆ ಅದು ಬೇರೆಯವರ ಸದ್ದು. ಅದಕ್ಕೇ ಈ ಕ್ಲಾರಿನೆಟ್ಟು. ಕೆಟ್ಟದಾಗಿದ್ರೂ ನನ್ನದೇ ಸದ್ದು ನೋಡಿ."

ಅವಳೂ ತನ್ನ ಗಂಡನ ವಿಷಯ ಹೇಳಿದಳು. ಪಾರ್ಶ್ವವಾಯು ಹೊಡೆದು ಆರು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡಿದ್ದ. ಮೈ ಒರೆಸಲು ಬೇಸಿನ್ನಿನಲ್ಲಿ ನೀರು ತಂದಾಗಲೆಲ್ಲ ಗೋಡೆ ಕಡೆ ಮುಖ ತಿರುಗಿಸುತ್ತಿದ್ದ.

"ನನ್ನನ್ನ ನೋಡಬೇಡ ಅನ್ನೋರು. ನೋಡದೆ ಹೇಗೆ ಮಾಡ್ಲಿ? ಒಂದು ದಿನ ಹೇಳಿದ್ರು... ನೀನು ನನ್ನ ಹೆಂಡತಿಯಾಗಿದ್ದೆ, ಈಗ ನರ್ಸ್ ಆದೆ ಅಂತ. ಆಮೇಲೆ ನಮ್ಮಿಬ್ರ ಮಧ್ಯೆ ಔಷಧಿ, ಊಟ ಬಿಟ್ರೆ ಮಾತೇ ಉಳೀಲಿಲ್ಲ."

ಆತ ನಡೆಯುವ ವೇಗವನ್ನು ಸ್ವಲ್ಪ ಕಡಿಮೆ ಮಾಡಿದ, ಅಷ್ಟೆ.

ಆ ವರ್ಷದ ಕೊನೆಗೆ ಬ್ಯಾಂಡು ಲೈಬ್ರರಿಯಂಗಳದಲ್ಲಿ ಜನರೆದುರು ನುಡಿಸಿತು. ಎರಡು ಕಡೆ ತಪ್ಪಾಯಿತು. ಜನ ಅದಕ್ಕೂ ಚಪ್ಪಾಳೆ ಹೊಡೆದರು! ಮಗಳು ಮುಂದಿನ ಸಾಲಿನಲ್ಲಿ ಕೂತು "ಅಮ್ಮಾ!" ಎಂದು ಕೂಗಿದಳು.

ಎಲ್ಲ ಮುಗಿದು ಕುರ್ಚಿ ಮಡಚಿಡುವಾಗ ಆತ ಬಳಿ ಬಂದ. ಕಿವಿ ಕೆಂಪಾಗಿತ್ತು.

"ಒಂದು ಮಾತು ಕೇಳ್ಲಾ? ನಾನು ಊದೋದಕ್ಕೆ ಪಕ್ಕದ ಮನೆಯವರು ಜಗಳಕ್ಕೆ ಬರ್ತಾರೆ. ಒಬ್ಬನೇ ಎಷ್ಟು ಜನಕ್ಕೆ ಉತ್ತರ ಕೊಡ್ಲಿ? ಜೊತೆಗೆ ಇನ್ನೊಬ್ರಿದ್ರೆ..."

ಅವಳ ಎದೆ ಡ್ರಮ್ಮಿಗಿಂತ ಜೋರಾಗಿ ಹೊಡೆದುಕೊಂಡಿತು.

"ತಮಾಷೆ ಬಿಡಿ" ಆತನ ದನಿ ಇಳಿಯಿತು. "ನೀವು ಇಷ್ಟ ನನಗೆ. ಇನ್ನುಳಿದ ದಿನ ನಿಮ್ಮ ಜೊತೆ ಇರಬೇಕು ಅನ್ನಿಸುತ್ತೆ. ನಿಮಗೂ ಹಾಗನ್ಸಿದ್ರೆ ಹೇಳಿ."

ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಹೊತ್ತಿಗೇ ಹಿಂದಿನ ದಿನ ಡಾಕ್ಟರು ಹೇಳಿದ್ದು ನೆನಪಾಯಿತು. "ಕೈಗೇ ನಿಲ್ಲಲ್ಲ ಇದು. ಮುಂದೆ ಕಾಲಿಗೂ ಬರಬಹುದು. ಮನೆಯಲ್ಲಿ ಯಾರಾದ್ರೂ ಜೊತೆಗಿರ್ಲಿ."

ಬೇಸಿನ್ನು, ಟವೆಲು, ಗೋಡೆ ಕಡೆ ತಿರುಗಿದ ಮುಖ... ಈ ಸಲ ಆ ಮುಖ ಅವಳದು. ಬೇಸಿನ್ನು ಹಿಡಿದು ನಿಂತಿರುವುದು ಈತ.

'ಬೇಡ... ಈ ನಗೋ ಮನುಷ್ಯನಿಗೆ ಅದು ಬೇಡ!'

ನಿಜ ಹೇಳಿದರೆ ಆತ ಬಿಟ್ಟುಹೋಗುವವನಲ್ಲ. ಅದು ಅವಳಿಗೆ ಗೊತ್ತಿತ್ತು. ಹಾಗಾಗಿ ಅವಳು ಸುಳ್ಳನ್ನೇ ಆರಿಸಿಕೊಂಡಳು.

"ಮೇಷ್ಟ್ರೇ, ಸೆಟ್ಟು ಸರಿಯಾಗಿ ಕೂತಿದ್ಯಾ ಅಂತ ನೋಡೋಕೆ ಬಂದಿದ್ದೆ ನಾನು. ಕೂತಿದೆ. ಅಲ್ಲಿಗೆ ನನ್ನ ಕೆಲಸ ಮುಗೀತು. ನೀವು ಬೇರೆ ಏನೇನೋ ಅಂದ್ಕೊಂಡ್ರೆ ನಾನೇನು ಮಾಡ್ಲಿ?"

ಆತ ಅವಳನ್ನೇ ನೋಡಿದ. ಆಮೇಲೆ, ಮೊದಲ ದಿನ ಹುಡುಗಿಯರು ನಕ್ಕಾಗ ಮಾಡಿದ್ದಂತೆಯೇ, ಕೈಯಿಂದ ಬಾಯಿ ಮುಚ್ಚಿಕೊಂಡ.

"ಸರಿ... ಸರಿ. ತಪ್ಪಾಯ್ತು" ಎಂದ.

ಕುರ್ಚಿಯೊಂದನ್ನು ಅರ್ಧ ಮಡಚಿದಂತೆಯೇ ಬಿಟ್ಟು ಹೊರಟುಹೋದ. ಅವಳು ಅದನ್ನು ಪೂರ್ತಿ ಮಡಚಿಟ್ಟಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಕುರ್ಚಿ ಕಟಕಟನೆ ಸದ್ದು ಮಾಡಿತು.

ಮುಂದಿನ ಗುರುವಾರ ಆತ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. "ಕ್ಲಾರಿನೆಟ್ಟು ವಾಪಸ್ ಕೊಟ್ಟು ಹೋದ್ರು. ಮತ್ತೆ ಡ್ರೈವಿಂಗ್ ಸ್ಕೂಲಿಗೆ ಹೋಗ್ತಿದಾರಂತೆ, ಮನೇಲಿ ಕೂರೋಕಾಗಲ್ವಂತೆ" ಎಂದರು ಟೀಚರ್. ಅವಳು ತಾಳ ತಪ್ಪಿದಳು. ಎಡಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತ ಬಾರಿಸಲಾಗಲಿಲ್ಲ. ಮೂರನೇ ವಾರ ಅವಳೂ ನಿಲ್ಲಿಸಿದಳು.

ಒಳ್ಳೆಯದನ್ನೇ ಮಾಡಿದೆ ಎಂದು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಮಾಡಿದ್ದು ಒಳ್ಳೆಯದೇ ಆಗಿದ್ದರೆ ಹತ್ತು ಸಲ ಯಾಕೆ ಹೇಳಿಕೊಳ್ಳಬೇಕಿತ್ತು?

ನಿದ್ದೆ ಹೋಯಿತು. ಕೈ ಹಟ ಹಿಡಿಯಿತು. ಒಂದು ದಿನ ಬಿಸಿ ಮೇಣದ ಚಾಕು ಜಾರಿ ಹೆಬ್ಬೆರಳು ಸುಟ್ಟಿತು. ಲ್ಯಾಬಿನ ಯಜಮಾನರು ಬೆಂಚಿನ ಪಕ್ಕ ಕೂತು, ತುಂಬ ಹೊತ್ತು ಹವಾಮಾನದ ಬಗ್ಗೆ ಮಾತಾಡಿ, ಕೊನೆಗೆ "ಅಕ್ಕಾ, ಇನ್ನು ನೀವು ಹುಡುಗಿಯರಿಗೆ ಹೇಳಿಕೊಡಿ ಸಾಕು" ಎಂದರು. ಅವಳು ತನ್ನ ಚಾಕುಗಳನ್ನು ಒರೆಸಿ ಪಕ್ಕದ ಹುಡುಗಿಯ ಮೇಜಿಗಿಟ್ಟಳು. ಅಂದು ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಕತ್ತಲಾಗುವವರೆಗೂ ಕುಳಿತಿದ್ದಳು.

ಇದಾಗಿ ಸ್ವಲ್ಪ ದಿನಕ್ಕೆ ಮಗಳು ಮನೆಗೆ ಬಂದಾಗ ಅವಳು ಬಾತ್‌ರೂಮಿನ ಹೊಸ್ತಿಲಲ್ಲಿ ನಿಂತಿದ್ದಳು.

"ಅಮ್ಮಾ, ಯಾಕೆ ಅಲ್ಲೇ ನಿಂತಿದ್ದೀ? ಬಾ ಈಚೆ."

"ಬರ್ತೀನಿ..."

ಬರಲಾಗಲಿಲ್ಲ. ಪಾದಗಳನ್ನು ಯಾರೋ ನೆಲಕ್ಕೆ ಅಂಟಿಸಿದಂತಿತ್ತು. ಮಗಳಿಗೆ ಮೊದಲು ನಗು ಬಂತು, ಆಮೇಲೆ ಗಾಬರಿ. ಕೊನೆಗೆ ಹೇಗೋ ಹೊರಗೆ ಬಂದು ಮಂಚದ ಮೇಲೆ ಕೂತ ಮೇಲೆ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ರೋಗ, ಮಾತ್ರೆ, ಬ್ಯಾಂಡು... ಮೇಷ್ಟ್ರು.

ಮಗಳು ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ರೇಗಿದಳು.

"ಬೇಡ ಅನ್ನೋದು ನಿನ್ನಿಷ್ಟ ಅಮ್ಮಾ. ಆದ್ರೆ ಅವರು ಏನು ಮಾಡ್ಬೇಕು ಅಂತ ನೀನ್ಯಾಕೆ ತೀರ್ಮಾನ ಮಾಡ್ದೆ? ಪಾಪ, ಹಲ್ಲಿಲ್ಲದ ಮುದುಕ ಅಂತ ತನ್ನನ್ನ ಬೇಡ ಅಂದ್ಲು ಅಂದ್ಕೊಂಡಿರ್ತಾರೆ!"

ಅವಳು ತಲೆಯೆತ್ತಿ ಮಗಳನ್ನು ನೋಡಿದಳು. ಬಾಯಿ ಮುಚ್ಚಿಕೊಂಡ ಆ ಕೈ ಕಣ್ಣ ಮುಂದೆ ಬಂತು. ಆತನನ್ನು ನೋವಿನಿಂದ ಉಳಿಸಿದೆ ಎಂದುಕೊಂಡಿದ್ದಳು. ನೋವು ಕೊಟ್ಟಿದ್ದೇ ತಾನು!

"ನನ್ನನ್ನ ಅವರ ಹತ್ರ ಬಿಡ್ತೀಯಾ?" ಎಂದಳು.

ಡ್ರೈವಿಂಗ್ ಸ್ಕೂಲಿನ ಅಂಗಳಕ್ಕೆ ಅರ್ಧ ಸರಿಸಿಟ್ಟ ದೊಡ್ಡ ಕಬ್ಬಿಣದ ಗೇಟು. ಒಳಗೆ ನೆಲಕ್ಕೆ ಬಿಳಿ ಗೆರೆ ಎಳೆದು, ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟಿದ್ದರು. ಹಳೆಯ ಕಾರೊಂದರಲ್ಲಿ ಒಬ್ಬ ಹೆಂಗಸು ಹಿಂದಕ್ಕೆ ಹೋಗುವುದನ್ನು ಕಲಿಯುತ್ತಿದ್ದಳು. ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದವನು ಆತನೇ. ಎಷ್ಟು ಇಳಿದುಹೋಗಿದ್ದ!

ಮಗಳನ್ನು ಕಾರಿನಲ್ಲೇ ಬಿಟ್ಟು ಅವಳು ಒಬ್ಬಳೇ ಗೇಟಿನವರೆಗೂ ನಡೆದಳು. ಅಲ್ಲಿ, ಗೇಟು ಸರಿಯುವ ನೆಲದ ಕಂಬಿಯ ಮುಂದೆ, ಕಾಲು ನಿಂತಿತು.

ಆತ ನೋಡಿದ. ಬರಲಿಲ್ಲ. ದೂರದಿಂದಲೇ ಕೇಳಿದ.

"ಏನಾಗ್ಬೇಕಿತ್ತು?"

"ಮಾತಾಡ್ಬೇಕಿತ್ತು..."

"ಹಾಗಾದ್ರೆ ಒಳಗೆ ಬನ್ನಿ."

ಅವಳು ಎಲ್ಲ ಶಕ್ತಿ ಹಾಕಿದಳು. ಕಾಲಿನ ಒಂದು ಬೆರಳೂ ಕದಲಲಿಲ್ಲ. ಆತ ಕಾದ. ಕಾಯುತ್ತ ಕಾಯುತ್ತ ಆತನ ಮುಖ ಬಿಗಿಯಿತು.

"ಹೊಸ್ತಿಲು ದಾಟೋಕೂ ಮನಸ್ಸಿಲ್ವಾ? ಚಿಂತೆ ಬೇಡಮ್ಮಾ. ಹಲ್ಲು ಸರಿಯಾಗೇ ಕೂತಿದೆ. ಹೋಗಿಬನ್ನಿ."

ಆತ ಬೆನ್ನು ತಿರುಗಿಸಿದ.

"ಮೇಷ್ಟ್ರೇ!" ಅವಳ ದನಿ ಒಡೆಯಿತು. "ಮನಸ್ಸಿಲ್ಲದೆ ಅಲ್ಲ... ಕಾಲು ಏಳ್ತಿಲ್ಲ! ನಂಗೆ ರೋಗ ಇದೆ. ಕೈ ನಡುಗುತ್ತೆ, ಈಗ ಕಾಲೂ ಹಿಡ್ಕೊಳ್ಳುತ್ತೆ. ಅವತ್ತೇ ಗೊತ್ತಿತ್ತು ನಂಗೆ. ಅದಕ್ಕೇ ಹಾಗಂದೆ... ಅಂದಿದ್ದೆಲ್ಲ ಸುಳ್ಳು!"

ಆತ ಓಡಿಬಂದ. ಅರವತ್ತಾರರ ಮೇಲಾದವನು, ಕೋನುಗಳನ್ನು ಬೀಳಿಸುತ್ತ ಓಡಿಬಂದ! ಅವಳ ಎರಡೂ ಕೈ ಹಿಡಿದ.

"ಎಳೀಬೇಡಿ, ಬೀಳ್ತೀನಿ."

"ಮತ್ತೆ... ಮತ್ತೆ ಏನು ಮಾಡ್ಲಿ?"

"ಗೊತ್ತಿಲ್ಲ" ಎಂದು ಅತ್ತಳು ಅವಳು.

ಆಸರೆಗೆಂದು ಬಲಗೈ ಬಿಡಿಸಿಕೊಂಡು ಗೇಟು ಹಿಡಿದಳು. ಕೈಯ ನಡುಕಕ್ಕೆ ಗೇಟು ಗಲಗಲ ಎಂದಿತು. ಎಂಥ ನಾಚಿಕೆ! ಕೈ ತೆಗೆಯಬೇಕೆಂದುಕೊಂಡವಳು ತೆಗೆಯಲಿಲ್ಲ. ಹೇಗೂ ಸದ್ದಾಗುತ್ತದೆ, ತಾಳದಲ್ಲಾದರೂ ಆಗಲಿ ಎಂದು ಅಂಗೈಯಿಂದ ಒಮ್ಮೆ ಬಲವಾಗಿ ಹೊಡೆದಳು.

ಡಣ್!

ಇನ್ನೊಮ್ಮೆ. ಮತ್ತೊಮ್ಮೆ. ಹೊಡೆತ ಒಂದೇ ಸಮನಾಯಿತು. ನಾಲ್ಕನೆಯದಕ್ಕೆ ಎಡಗಾಲು ಹಗುರಾದಂತಾಯಿತು. ಆತ ಅರ್ಥವಾಗದೆ ಒಂದು ಕ್ಷಣ ನೋಡಿ, ಆಮೇಲೆ ತಾನೂ ಪಾದದಿಂದ ನೆಲಕ್ಕೆ ಅದೇ ತಾಳ ಕುಟ್ಟಿದ.

"ಒಂದು... ಎರಡು... ಹಾಂ, ಹೀಗೇ..."

ಕಾಲು ಎದ್ದಿತು. ಕಂಬಿ ದಾಟಿತು! ಇನ್ನೊಂದು ಹೆಜ್ಜೆ. ಗೇಟು ಹಿಂದೆ ಉಳಿದಾಗ ಅವಳು ತನ್ನ ತೊಡೆಗೇ ಬಡಿದುಕೊಂಡು ತಾಳ ಹಾಕಿದಳು. ಇದನ್ನೇ ನೋಡುತ್ತಿದ್ದ, ಕಾರು ಕಲಿಯುವ ಹೆಂಗಸು ಕ್ಲಚ್ಚು ಬಿಟ್ಟಳು. ಕಾರು ಕುಪ್ಪಳಿಸಿ ನಿಂತಿತು. "ನೀನು ಸ್ವಲ್ಪ ಸುಮ್ನಿರಮ್ಮಾ!" ಎಂದು ಆತ ತಿರುಗದೆಯೇ ಕೂಗಿದ. ಅವಳಿಗೆ ಅಳುವಿನ ನಡುವೆ ನಗು ಉಕ್ಕಿತು.

ತಗಡಿನ ಶೀಟಿನ ಕೆಳಗಿನ ಬೆಂಚಿನಲ್ಲಿ ಇಬ್ಬರೂ ಕೂತರು.

"ಇದು ವಾಸಿಯಾಗಲ್ಲ" ಎಂದಳು ಅವಳು. "ಡ್ರಮ್ಮು ಬಾರಿಸಿದ್ರೂ ಆಗಲ್ಲ. ದಿನ ಸ್ವಲ್ಪ ಹಗುರಾಗುತ್ತೆ ಅಷ್ಟೆ. ಮುಂದೊಂದು ದಿನ ನಾನು ನಿಮ್ಮ ಕಣ್ಣಿಗೆ ಬರೀ ರೋಗಿಯಾಗ್ತೀನಿ. ಆರು ವರ್ಷ ನೋಡಿದೀನಿ ನಾನು ಅದನ್ನ."

ಆತನ ಕಣ್ಣು ತುಂಬಿತ್ತು.

"ನಿಮಗೆ ಆರು ವರ್ಷ ಜಾಸ್ತಿಯಾಯ್ತು. ನನಗೆ ಆರು ನಿಮಿಷಾನೂ ಸಿಗಲಿಲ್ಲ. ಒಂದು ಲೋಟ ನೀರು ಕುಡಿಸೋಕೆ ಸಿಗಲಿಲ್ಲ. ನಾನು ಬಾಗಿಲು ಬಡೀತಾ ಹೊರಗಿದ್ದೆ, ಅವಳು ಒಳಗೆ ಹೋಗಿಬಿಟ್ಟಿದ್ಲು... ನಂಗೂ ಭಯ ಇದೆ. ಇಲ್ಲ ಅನ್ನಲ್ಲ. ಆದ್ರೆ ನೀವು ಕಷ್ಟದಲ್ಲಿದ್ದೀರಿ ಅಂತ ಗೊತ್ತೂ ಇಲ್ಲದೆ ದೂರ ಇರೋ ಭಯಕ್ಕಿಂತ ಇದು ವಾಸಿ."

ಅವಳು ಆತನ ತೋಳಿಗೆ ತಲೆಯಾನಿಸಿದಳು. ಬಲಗೈ ಆತನ ಅಂಗೈಯಲ್ಲಿ ನಡುಗುತ್ತಲೇ ಇತ್ತು. ಆತ ಅದನ್ನು ಅದುಮಿ ಹಿಡಿಯಲಿಲ್ಲ, ನಡುಗಲು ಬಿಟ್ಟ.

"ಒಂದು ಮಾತು ಕೊಡ್ತೀರಾ?"

"ಕೇಳು" ಎಂದ ಆತ. ಮೊದಲ ಸಲ ಏಕವಚನ!

"ನೋಡಬೇಡಿ ಅಂತ ನಾನು ಅಂದಾಗ, ಕೋಣೆಯಿಂದ ಹೊರಗೆ ಹೋಗ್ಬೇಕು. ಬೇಜಾರು ಮಾಡ್ಕೋಬಾರ್ದು."

"ಹೋಗ್ತೀನಿ."

"ತುಂಬ ದೂರ ಹೋಗಬೇಡಿ ಮತ್ತೆ..."

"ಎಷ್ಟು ದೂರ ಇರ್ಲಿ?"

ಅವಳು ಸ್ವಲ್ಪ ಯೋಚಿಸಿದಳು.

"ಕರೆದ್ರೆ ಕೇಳೋಷ್ಟು."

"ನನ್ನ ಕಿವಿ ಚೆನ್ನಾಗಿದೆ ಕಣೇ" ಎಂದ ಆತ, ಅವಳ ಕಣ್ಣೊರೆಸುತ್ತ. "ಮೆಲ್ಲಗೆ ಕರೆದ್ರೂ ಸಾಕು."